ಹೇಗೆ ಮಾಡಿದೆ, ಹೇಳು ನೋಡೋಣ

ಕೇಳುಗರಿಗೆ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. 42ರಲ್ಲಿ 17 ಕಳೆದರೆ ಎಷ್ಟು? 25, ಅಲ್ವಾ? ನನ್ನ ಮೂರನೇ ತರಗತಿಯ ಹುಡುಗನೊಬ್ಬ 35 ಅಂತ ಬರೆದಿದ್ದ. ಕೆಂಪು ಪೆನ್ನಿನಲ್ಲಿ ಇಂಟು ಹಾಕಿದೆ. ಮುಂದಿನದು 63ರಲ್ಲಿ 28. ಅವನ ಉತ್ತರ 45. ಇನ್ನೊಂದು ಇಂಟು. ಐದು ಲೆಕ್ಕಕ್ಕೆ ಐದೂ ತಪ್ಪು.

ಅವತ್ತು ಯಾಕೋ ಪುಸ್ತಕ ವಾಪಸ್ ಕೊಡುವ ಮೊದಲು ಕೇಳಿದೆ, "ಹೇಗೆ ಮಾಡಿದೆ, ಹೇಳು ನೋಡೋಣ."

"ಎರಡರಲ್ಲಿ ಏಳು ಹೋಗಲ್ಲ ಸಾರ್. ಅದಕ್ಕೆ ಏಳರಲ್ಲಿ ಎರಡು ಕಳೆದೆ."

ಹುಡುಗ ದಡ್ಡನೇನಲ್ಲ. ಒಂದು ನಿಯಮ ಹಿಡಿದುಕೊಂಡಿದ್ದ, ಅದನ್ನು ಐದೂ ಕಡೆ ಚಾಚೂ ತಪ್ಪದೆ ಹಾಕಿದ್ದ. ಉಳಿದ ಪುಸ್ತಕ ತಿರುವಿದರೆ ಇನ್ನೂ ಏಳು ಮಕ್ಕಳದ್ದು ಅದೇ ಕಥೆ. ಅಂದರೆ ದಶಕ ಬಿಡಿಸುವುದನ್ನು ನಾನೇ ಸರಿಯಾಗಿ ಹೇಳಿಕೊಟ್ಟಿರಲಿಲ್ಲ! ಮಾರನೇ ದಿನ ತೆಂಗಿನ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ತಂದೆ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು "ಏಳು ಕಡ್ಡಿ ಕೊಡು" ಅಂದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದ. ಆಮೇಲೆ ಒಂದು ಕಟ್ಟಿನ ದಾರ ಬಿಚ್ಚಿದ.

ಇದಕ್ಕೇ ಮೌಲ್ಯಮಾಪನ ಅಂತ ದೊಡ್ಡ ಹೆಸರು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ ಬೆನ್ನಿಗೇ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ಕಲಿಯುತ್ತಿರುವಾಗಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ; ಎರಡು ಎಸ್‌ಎ, ಅಂದರೆ ಅರ್ಧವರ್ಷದ ಕೊನೆಗೆ ಮಾಡುವ ಸಂಕಲನಾತ್ಮಕ ಮೌಲ್ಯಮಾಪನ. ಮಗುವನ್ನು ದಿನಾ ಗಮನಿಸಿ ಅನ್ನುವುದು ಅದರ ಆಸೆ. ನಾನು ಮಾಡಿದ್ದೇನು? ಒಂದು ವರ್ಷ ಇಡೀ ತರಗತಿಯ ಎಫ್‌ಎ ದಾಖಲೆಯನ್ನು ಒಂದೇ ರಾತ್ರಿ ಕೂತು ತುಂಬಿದೆ. ಮಾರನೇ ದಿನ ತಪಾಸಣೆ ಇತ್ತು. 'ಸಹಕಾರ ಮನೋಭಾವ' ಅನ್ನುವ ಕಾಲಂನಲ್ಲಿ ಎಲ್ಲರಿಗೂ ಬಿ ಪ್ಲಸ್. ಜಗಳಗಂಟರಿಗೂ ಬಿ ಪ್ಲಸ್, ಪೆನ್ಸಿಲ್ ಮುರಿದು ಅರ್ಧ ಪಕ್ಕದವಳಿಗೆ ಕೊಡುವ ಹುಡುಗಿಗೂ ಬಿ ಪ್ಲಸ್. ಬಂದವರು ದಾಖಲೆ ಅಚ್ಚುಕಟ್ಟಾಗಿದೆ ಅಂತ ಸಹಿ ಹಾಕಿ ಹೋದರು.

ಅಂಕದ ಬಗ್ಗೆ ಇನ್ನೊಂದು ಮಾತು. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ಮತ್ತು ಆರನೇ ತರಗತಿಯ ಮಕ್ಕಳು. ಕೆಲವರ ಕೆಲಸಕ್ಕೆ ಬರೀ ಅಂಕ. ಕೆಲವರಿಗೆ ಅಂಕವಿಲ್ಲ, ಬರೀ ಒಂದು ಟಿಪ್ಪಣಿ. ಇನ್ನು ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಸಿಕ್ಕವರಲ್ಲಿ ಆಸಕ್ತಿ ಜಾಸ್ತಿ ಉಳಿಯಿತು. ಎರಡೂ ಸಿಕ್ಕವರು ಹೆಚ್ಚುಕಡಿಮೆ ಬರೀ ಅಂಕದವರ ಹಾಗೇ ಆದರು. ನಾವೂ ನೋಡಿಲ್ವಾ? ಪುಸ್ತಕ ಕೈಗೆ ಬಂದ ತಕ್ಷಣ "ನಿಂಗೆಷ್ಟು, ನಂಗೆಷ್ಟು" ಶುರು. ಕೆಳಗೆ ಮೇಷ್ಟ್ರು ಬರೆದದ್ದನ್ನು ಯಾರು ಓದುತ್ತಾರೆ!

ಕಲಿಯುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ ಅಂತ ನಾನು ಕಂಡದ್ದು ನಲಿ-ಕಲಿ ತರಗತಿಯಲ್ಲಿ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಅಲ್ಲಿ ಅಕ್ಷರ ಅ, ಆ, ಇ, ಈ ಅಂತ ಹೊರಡುವುದಿಲ್ಲ. ರ, ಗ, ಸ, ದ, ಅ. ಈ ಐದರಲ್ಲೇ ಸರ, ಅರಸ, ಅಗಸ, ದಸರ ಎಲ್ಲ ಓದಬಹುದು, ಕಾಗುಣಿತದ ಗೋಜಿಲ್ಲ. ಒಂದು ಮಗು ಕಾರ್ಡಿನ ಮೇಲೆ ಬೆರಳಿಟ್ಟು "ಗ... ರ... ಗ... ಸ..." ಅಂತ ಓದಿತು. ಒಂದು ಕ್ಷಣ ಬಿಟ್ಟು, "ಗರಗಸ! ನಮ್ಮಪ್ಪನ ಹತ್ರ ಇದೆ!" ಅಂತ ಕೂಗಿತು. ಅವತ್ತು ಆ ಮಗುವಿಗೆ ಸ್ಟಾರ್ ಕೊಡಲು ನನಗೆ ನೆನಪೇ ಆಗಲಿಲ್ಲ, ಅದಕ್ಕೂ ಬೇಕಿರಲಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ. ವಾರಗಟ್ಟಲೆ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದರೆ, ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ.

ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಕೂತು, ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ತಾವೇ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯದ ಉದ್ದಗಲಕ್ಕೂ ಹರಡಿತು. ಹೆಗ್ಗಡದೇವನಕೋಟೆಯವರಿಗೆ ಅದು ಕೈಯಾರೆ ಮಾಡಿದ ಅಡುಗೆ. ನಮಗೆ ಆದೇಶದ ಜತೆ ಬಂದ ಬುತ್ತಿ. ರುಚಿಯಲ್ಲಿ ವ್ಯತ್ಯಾಸ ಬಂದಿದ್ದರೆ ಅದಕ್ಕೇ ಇರಬೇಕು ಅಂತ ನನ್ನ ಅನಿಸಿಕೆ.

ಹಾಗಾದರೆ ಮೇಷ್ಟ್ರಿಗೆ ಸಹಾಯ ಮಾಡುವುದು ಹೇಗೆ? ಮುಂದಿನ ಕ್ಲಸ್ಟರ್ ಸಭೆಗೆ, ಅಂದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಭೆಗೆ, ಹೋಗುವವರು ತಪ್ಪು ಉತ್ತರ ಇರುವ ನಾಲ್ಕೈದು ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಹೋಗಿ. ಸುತ್ತೋಲೆ ಓದುವ ಮೊದಲು ಅರ್ಧ ಗಂಟೆ ಎಲ್ಲರೂ ಅವನ್ನು ನೋಡಿ, ಮಗು ಯಾಕೆ ಹೀಗೆ ಬರೆದಿರಬಹುದು ಅಂತ ಮಾತಾಡಿ. ಚಹಾಕ್ಕಿಂತ ರುಚಿಯಾಗಿರುತ್ತದೆ.

ನನಗಂತೂ ಜಾಸ್ತಿ ಕಲಿಸಿದ್ದು ಒಬ್ಬ ಸಿಆರ್‌ಪಿ, ಅಂದರೆ ಕ್ಲಸ್ಟರಿನ ಶಾಲೆಗಳಿಗೆ ಬಂದು ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ಅವರು ಬಂದರೆ ದಾಖಲೆ ಕೇಳುತ್ತಿರಲಿಲ್ಲ. ಹಿಂದೆ ಹೋಗಿ ಮಕ್ಕಳ ಜತೆ ನೆಲದ ಮೇಲೆ ಕೂರುತ್ತಿದ್ದರು. ಒಂದು ದಿನ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದರು, "ಸಾರ್, ಇವತ್ತು ನೀವು ಇಪ್ಪತ್ತಮೂರು ಪ್ರಶ್ನೆ ಕೇಳಿದ್ರಿ. ಕಿಟಕಿ ಕಡೆ ಕೂತವರಿಗೆ ಎರಡೇ." ಅಷ್ಟೇ. ಚೆನ್ನಾಗಿ ಮಾಡಿದ್ರಿ ಅಂತಲೂ ಇಲ್ಲ, ಕೆಟ್ಟದಾಗಿತ್ತು ಅಂತಲೂ ಇಲ್ಲ.

ಮಾರನೇ ದಿನ ನಾನು ಕಿಟಕಿ ಕಡೆಯಿಂದ ಶುರು ಮಾಡಿದೆ. ಮೊದಲ ಸಾಲಿನ ತುದಿಯ ಹುಡುಗ ಹಿಂದೆ ತಿರುಗಿ ನೋಡಿದ, ಅಕ್ಕಪಕ್ಕ ನೋಡಿದ. ಆಮೇಲೆ ಎದ್ದು ನಿಂತು ಕೇಳಿದ, "ನನ್ನನ್ನಾ ಸಾರ್?"

ನಮಸ್ಕಾರ.