ಆ ನಾಬ್ ಸ್ವಲ್ಪ ಇಳಿಸಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಗಿಟಾರ್ ಕಲಿಸುವವನು. ಹಾರ್ಡ್ ರಾಕ್ ಗಿಟಾರಿಸ್ಟ್ ಒಬ್ಬರ ಬಗ್ಗೆ ಮಾತಾಡಿ ಅಂತ ಬಾನುಲಿಯವರು ಕರೆದಿದ್ದಾರೆ. ಅವರ ಮನಸ್ಸಿನಲ್ಲಿ ಬಹುಶಃ ಆಂಗಸ್ ಯಂಗ್ ಇದ್ದ. ಶಾಲೆ ಯೂನಿಫಾರ್ಮಿನ ಚಡ್ಡಿ ಹಾಕ್ಕೊಂಡು ಸ್ಟೇಜ್ ತುಂಬ ಕುಣೀತಾನಲ್ಲ, ಎಸಿ/ಡಿಸಿ ಬ್ಯಾಂಡಿನವನು, ಅವನೇ. ನಾನು ಅವನ ಬಗ್ಗೆ ಹೇಳೋದಿಲ್ಲ. ಹಿಂದೆ ಡ್ರಮ್ಸ್ ಪಕ್ಕ ನಿಂತಿರುತ್ತಿದ್ದ ಅವನ ಅಣ್ಣ ಮಾಲ್ಕಮ್ ಯಂಗ್ ಬಗ್ಗೆ ಹೇಳುತ್ತೇನೆ. ಕೋರಸ್ ಬಂದಾಗ ನಾಲ್ಕು ಹೆಜ್ಜೆ ಮುಂದೆ ಬಂದು ಮೈಕಿನಲ್ಲಿ ಹಾಡಿ, ಮುಗಿದ ಕೂಡಲೇ ವಾಪಸ್ ತನ್ನ ಜಾಗಕ್ಕೆ. ಅಷ್ಟೇ ಅವನ ಓಡಾಟ. ಏಕವಚನದಲ್ಲಿ ಕರೀತಿದ್ದೇನೆ, ಹಿರಿಯರು ಬೇಜಾರು ಮಾಡ್ಕೋಬೇಡಿ. ಮೂವತ್ತು ವರ್ಷದ ಸಲಿಗೆ.

ಇವತ್ತು ನಾನು ಹೇಳೋದು ಒಂದೇ ಮಾತು. ಗೇನ್ ಇಳಿಸಿ. ಎಲೆಕ್ಟ್ರಿಕ್ ಗಿಟಾರ್ ಇರುವ ಮನೆಯವರಿಗೆ ಗೊತ್ತು, ಆಂಪ್ ಮೇಲೆ, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಮೇಲೆ, ಆ ಹೆಸರಿನ ನಾಬ್ ಒಂದಿರುತ್ತೆ. ತಿರುಗಿಸಿದಷ್ಟೂ ಸದ್ದು ಒಡೆದು ಗರಗರ ಅನ್ನುತ್ತೆ. ನನ್ನ ಹತ್ತಿರ ಬರುವ ಹುಡುಗರು ಅದನ್ನು ಹತ್ತಕ್ಕೇ ಇಟ್ಟಿರುತ್ತಾರೆ. ಯಾಕಪ್ಪಾ ಅಂದರೆ, "ಸಾರ್, ಹೆವಿ ಬೇಕು."

ನಾನೂ ಹಾಗೇ ಇದ್ದೆ. 1994ರಲ್ಲಿ ಮೈಸೂರಿನಲ್ಲಿ ಮಹಡಿ ಮೇಲೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಸೆಕೆಂಡ್ ಹ್ಯಾಂಡ್ ಆಂಪ್, ನಾಬ್‌ಗಳ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಎಸಿ/ಡಿಸಿಯ ಬ್ಯಾಕ್ ಇನ್ ಬ್ಲ್ಯಾಕ್ ಕ್ಯಾಸೆಟ್ ಹಾಕಿ ಅದೇ ಸದ್ದು ಬರಿಸಬೇಕು ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಕ್ಯಾಸೆಟ್ಟಿನಲ್ಲಿ ಗೋಡೆ ಬಿದ್ದ ಹಾಗೆ ಕೇಳುತ್ತೆ, ನಾನು ನುಡಿಸಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಸರಿ, ಗೇನ್ ಇನ್ನೂ ಏರಿಸು. ಅದೂ ಸಾಲದು ಅಂತ ಊಟ ಬಿಟ್ಟು ದುಡ್ಡು ಉಳಿಸಿ ಸದ್ದು ಇನ್ನೂ ಒಡೆಯುವ ಡಿಸ್ಟಾರ್ಶನ್ ಪೆಡಲ್ ಒಂದು ತಂದೆ. ಜೇನುಗೂಡು ಎರಡಾಯ್ತು.

ಒಂದು ಭಾನುವಾರ ಮಧ್ಯಾಹ್ನ ಓನರ್ ಅಂಕಲ್ ಮೆಟ್ಟಿಲು ಹತ್ತಿ ಬಂದರು. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದರು, ಕೈಯಲ್ಲಿ ಅರ್ಧ ಮಡಚಿದ ಪೇಪರ್. "ಏನಯ್ಯಾ ಇದು, ಹಿಟ್ಟಿನ ಗಿರಣಿ ಇಟ್ಟಿದ್ದೀಯಾ? ಕೆಳಗೆ ಸ್ಟ್ಯಾಂಡಿನಲ್ಲಿರೋ ತಟ್ಟೆ ಎಲ್ಲಾ ಅದುರ್ತಿದೆ!" ನಾನು ಬಾಯಿ ಬಿಡೋದರೊಳಗೆ ಪೆಡಲ್ಲಿನ ವೈರು ಕಿತ್ತು ಆಂಪಿಗೆ ನೇರ ಚುಚ್ಚು ಅಂದರು. ರೇಡಿಯೋ ರಿಪೇರಿ ಕಲಿತಿದ್ದ ಮನುಷ್ಯ, ಸುಮ್ನೆ ಅಲ್ಲ. ಆಮೇಲೆ ತಾವೇ ಬಗ್ಗಿ, ವಾಲ್ಯೂಮ್ ಅಂದ್ಕೊಂಡು ಪಕ್ಕದ ನಾಬ್ ತಿರುಗಿಸಿದರು. ಗೇನ್! ಹತ್ತರಲ್ಲಿದ್ದದ್ದು ಎರಡಕ್ಕೆ ಇಳಿಯಿತು.

"ಈಗ ಬಾರಿಸು ನೋಡೋಣ."

ಎ ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಬಾರಿಸುವ ಸ್ವರಗುಚ್ಛ, ಒಂದು ಸಲ ಹೊಡೆದೆ. ಒಂದೊಂದು ತಂತಿಯೂ ಬೇರೆ ಬೇರೆ ಕೇಳಿಸಿತು. ಕ್ಯಾಸೆಟ್ಟಿನ ಸದ್ದು, ಅದೇ! ಅಂಕಲ್ ತಲೆ ಆಡಿಸಿ, "ಹಾಂ, ಈಗ ಗಿಟಾರ್ ಅಂತ ಗೊತ್ತಾಗುತ್ತೆ" ಅಂದು ಪೇಪರ್ ಹಿಡ್ಕೊಂಡು ಇಳಿದು ಹೋದರು. ನಾನು ಬ್ಯಾಕ್ ಇನ್ ಬ್ಲ್ಯಾಕ್ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಪೂರ್ತಿ ನುಡಿಸಿದೆ. ಅಯ್ಯೋ, ಎಷ್ಟು ಕೆಟ್ಟದಾಗಿತ್ತು ಗೊತ್ತಾ? ಒಂದು ತಂತಿ ಸರಿಯಾಗಿ ಒತ್ತಿಲ್ಲ, ಎರಡನೇ ಏಟು ಯಾವಾಗಲೂ ಮುಂಚೆ ಬೀಳುತ್ತೆ, ಕೈ ನಿಲ್ಲಬೇಕಾದ ಕಡೆ ನಿಲ್ಲೋದಿಲ್ಲ. ಇಷ್ಟು ದಿನ ಎಲ್ಲವನ್ನೂ ಆ ಗರಗರ ಮುಚ್ಚಿಟ್ಟಿತ್ತು.

ಆ ರಿಫ್ಫಿನಲ್ಲಿ ಇರೋದು ಮುಖ್ಯವಾಗಿ ಮೂರು ಕಾರ್ಡು. ಇ, ಡಿ, ಎ. ಹೊಸಬರಿಗೆ ಮೊದಲ ವಾರದಲ್ಲೇ ಕಲಿಸುವಂಥವು. ಮಾಲ್ಕಮ್ ಇ ಹೊಡೆದು ತಂತಿ ಮೇಲೆ ಕೈ ಇಟ್ಟು ಸದ್ದು ಕತ್ತರಿಸುತ್ತಾನೆ. ಆ ಖಾಲಿ ಜಾಗದಲ್ಲಿ ಡ್ರಮ್ಸ್ ಒಂದೇ ಕೇಳುತ್ತೆ. ಆಮೇಲೆ ಡಿ, ಆಮೇಲೆ ಎ. ಗೇನ್ ಜಾಸ್ತಿ ಇದ್ದರೆ ಆ ಖಾಲಿ ಜಾಗ ಉಳಿಯೋದೇ ಇಲ್ಲ, ಅಲ್ಲೂ ಆಂಪ್ ಗುಂಯ್ ಅಂತಿರುತ್ತೆ.

ಅವನ ಗಿಟಾರ್ ನೋಡಿದರೆ ನಗು ಬರುತ್ತೆ. 1963ರ ಗ್ರೆಚ್ ಜೆಟ್ ಫೈರ್‌ಬರ್ಡ್. ಇನ್ನೊಬ್ಬ ಅಣ್ಣ ಜಾರ್ಜ್ ಜೊತೆ ಈಸಿಬೀಟ್ಸ್ ಬ್ಯಾಂಡಿನಲ್ಲಿದ್ದ ಹ್ಯಾರಿ ವಾಂಡಾ ಕೊಟ್ಟಿದ್ದು. ಅದರ ಕೆಂಪು ಬಣ್ಣ ಕೆರೆದು ತೆಗೆದಿದ್ದ. ಬ್ರಿಡ್ಜ್ ಪಕ್ಕದ, ತಂತಿಯ ಸದ್ದು ಹಿಡಿಯುವ ಪಿಕಪ್ ಒಂದು ಬಿಟ್ಟು ಮಿಕ್ಕದ್ದು ಕಿತ್ತು ಹಾಕಿದ್ದ, ಅಲ್ಲಿನ ತೂತು ಹಾಗೇ ಬಾಯಿ ಬಿಟ್ಕೊಂಡಿತ್ತು. ಆಂಪ್ ಮಾರ್ಷಲ್ ಸೂಪರ್ ಬೇಸ್. ಬೇಸ್ ಗಿಟಾರಿಗೆಂದು ಮಾಡಿದ್ದು, ಬೇಗ ಒಡೆದ ಸದ್ದು ಕೊಡೋದಿಲ್ಲ. ನಮ್ಮ ಹುಡುಗರು ತೆಳು 9ರ ತಂತಿ ಹಾಕುತ್ತಾರೆ. ಅವನು ದಪ್ಪ 12ರದ್ದು ಹಾಕಿ ಬಲಗೈಯಲ್ಲಿ ಬಾರಿಸುತ್ತಿದ್ದ. ಆ ಭಾರವೆಲ್ಲ ಬಂದದ್ದು ಕೈಯಿಂದ. ನಾಬಿನಿಂದ ಅಲ್ಲ ಸ್ವಾಮೀ, ಕೈಯಿಂದ!

ಹೊತ್ತಾಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಅಂಕಲ್ ಕಥೆಯಲ್ಲೇ ಅರ್ಧ ಹೊತ್ತು ಹೋಯ್ತು. ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1953ರಲ್ಲಿ, ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ. 1963ರಲ್ಲಿ ಮನೆಯವರೆಲ್ಲ ಆಸ್ಟ್ರೇಲಿಯಾಕ್ಕೆ ಹೋದರು, 1973ರಲ್ಲಿ ಸಿಡ್ನಿಯಲ್ಲಿ ಬ್ಯಾಂಡ್ ಕಟ್ಟಿದ. ಮೆಟಾಲಿಕಾ ಬ್ಯಾಂಡಿನ ಜೇಮ್ಸ್ ಹೆಟ್‌ಫೀಲ್ಡ್‌ನಂಥವರು ಕೂಡ, ಹಾಡಿನ ಲಯ ಹಿಡಿದಿಡುವ ರಿದಮ್ ಗಿಟಾರಿಗೆ ಇವನನ್ನೇ ದೊಡ್ಡವನು ಅನ್ನುತ್ತಾರೆ. ಇವನ ಪ್ರಭಾವದ ಬಗ್ಗೆ ಇನ್ನೂ ಬೇಕಾದಷ್ಟಿದೆ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಕೊನೆಗೆ ಅವನಿಗೆ ಮರೆವಿನ ಕಾಯಿಲೆ ಬಂತು. 2010ಕ್ಕೆ ಮುಗಿದ ಬ್ಲ್ಯಾಕ್ ಐಸ್ ಪ್ರವಾಸದಲ್ಲಿ, ತಾನೇ ಕಟ್ಟಿದ ರಿಫ್‌ಗಳನ್ನು ಹೊಸದಾಗಿ ಕಲಿತು ಸ್ಟೇಜ್ ಹತ್ತುತ್ತಿದ್ದ. 2014ರಲ್ಲಿ ಬ್ಯಾಂಡ್ ಬಿಟ್ಟ, ಅಣ್ಣನ ಮಗ ಸ್ಟೀವಿ ಅವನ ಜಾಗಕ್ಕೆ ಬಂದ. 2017ರ ಅಕ್ಟೋಬರ್‌ನಲ್ಲಿ ಅಣ್ಣ ಜಾರ್ಜ್ ತೀರಿಕೊಂಡ, ತಿಂಗಳು ತುಂಬುವ ಮೊದಲೇ ನವೆಂಬರ್ 18ಕ್ಕೆ ಮಾಲ್ಕಮ್ ಕೂಡ. 64 ವರ್ಷ.

ಮನೆಗೆ ಹೋಗಿ ಆ ಬ್ಯಾಕ್ ಇನ್ ಬ್ಲ್ಯಾಕ್ ಹಾಡು ಹಾಕಿ, ಬಲಗಿವಿಯ ಇಯರ್‌ಫೋನ್ ತೆಗೆದುಬಿಡಿ. ಎಡಗಿವಿಯಲ್ಲಿ ಉಳಿಯುವುದು ಮಾಲ್ಕಮ್. ಇಲ್ಲಿ ನನ್ನ ಗಿಟಾರ್ ತಂದಿದ್ದೇನೆ, ಅರ್ಧ ನಿಮಿಷ ಕೊಟ್ಟಿದ್ದಾರೆ. ಗೇನ್ ಎರಡರಲ್ಲಿದೆ. ಇ ಇಂದ ಶುರು ಮಾಡುತ್ತೇನೆ. ಒಂದು, ಎರಡು, ಮೂರು...