ಬೇಯದಂತೆ ಬಿಸಿ ಮಾಡುವ ಕೆಲಸ: ಮನೆಯ ಓವನ್‌ನಲ್ಲಿ ಹಣ್ಣು ಒಣಗಿಸುವುದನ್ನು ಕುರಿತು

ಸಭಿಕರೆ,

ಬೇಯಿಸುವುದಕ್ಕೆಂದೇ ತಯಾರಾದ ಪೆಟ್ಟಿಗೆಯಲ್ಲಿ ಹಣ್ಣನ್ನು ಬೇಯದಂತೆ ಇರಿಸಿ, ಅದರೊಳಗಿನ ನೀರನ್ನು ಮಾತ್ರ ಹೊರಗೆ ಕಳಿಸುವುದು ಹೇಗೆ ಎಂಬುದು ಇಂದು ನಾನು ಮಾತನಾಡಬೇಕಾದ ವಿಷಯ. ಕೇಳುವುದಕ್ಕೆ ಇದು ಅಡುಗೆಮನೆಯ ಸಣ್ಣ ಕೆಲಸ. ಮಾಡಿ ನೋಡಿದವರಿಗೆ ಮಾತ್ರ ಇದರ ಸತಾಯಿಸುವಿಕೆ ಗೊತ್ತು.

ನನ್ನ ಸೋಲಿನಿಂದಲೇ ಆರಂಭಿಸುತ್ತೇನೆ. ಮೊದಲ ಸಲ ಸೇಬಿನ ಬಿಲ್ಲೆಗಳನ್ನು ಒಣಗಿಸಲು ಹೊರಟಾಗ, ಕೆಲಸ ಬೇಗ ಮುಗಿಯಲಿ ಎಂದು ಓವನ್ನಿನ ಶಾಖವನ್ನು 110 ಡಿಗ್ರಿಗೆ ತಿರುಗಿಸಿ, ಬಾಗಿಲನ್ನು ಭದ್ರವಾಗಿ ಮುಚ್ಚಿದ್ದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಬಿಲ್ಲೆಗಳ ಅಂಚು ಕಂದಿತ್ತು, ಮೇಲ್ಮೈ ಬಿಗಿದು ಗಟ್ಟಿಯಾಗಿತ್ತು. ಮುಟ್ಟಿದರೆ ಒಣಗಿದಂತೆಯೇ ಅನಿಸುತ್ತಿತ್ತು. ಸಂಭ್ರಮದಿಂದ ಡಬ್ಬಿಗೆ ತುಂಬಿಟ್ಟೆ. ಎಂಟು ದಿನ ಬಿಟ್ಟು ಮುಚ್ಚಳ ತೆಗೆದರೆ ಒಳಗೆಲ್ಲ ಬೂಷ್ಟು. ಹೊರಗಿನ ಪದರ ಅತಿವೇಗದಲ್ಲಿ ಒಣಗಿ ಗಟ್ಟಿ ಚಿಪ್ಪಿನಂತಾಗಿಬಿಟ್ಟರೆ ಒಳಗಿನ ತೇವ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಒಳಗೆ ಉಳಿದ ಆ ತೇವ, ಡಬ್ಬಿಯಲ್ಲಿ ಕುಳಿತ ಮೇಲೆ ನಿಧಾನವಾಗಿ ಹೊರಗಿನ ಪದರಕ್ಕೂ ಹರಡಿ, ಬೂಷ್ಟಿಗೆ ಬೇಕಾದ ನೆಲೆಯನ್ನು ಒದಗಿಸಿತ್ತು.

ಈ ಸೋಲಿನ ಕಾರಣವನ್ನು ಹುಡುಕುತ್ತ ಹೋದಾಗ ನನಗೆ ಮನದಟ್ಟಾದದ್ದು ಇಷ್ಟು: ನಾವೆಲ್ಲ ಶಾಖದ ಗುಂಡಿಯ ಮೇಲೆ ಕಣ್ಣಿಡುತ್ತೇವೆ, ಆದರೆ ಹಣ್ಣನ್ನು ಒಣಗಿಸುವುದು ಮುಖ್ಯವಾಗಿ ಗಾಳಿ. ಇದನ್ನು ಒಂದು ಸರಳ ಲೆಕ್ಕದಿಂದ ತೋರಿಸಬಹುದು. ಸಿಪ್ಪೆ ಮತ್ತು ಬೀಜದ ಭಾಗ ತೆಗೆದ 1 ಕಿಲೋ ಸೇಬಿನ ಹೋಳುಗಳಲ್ಲಿ ಸುಮಾರು 850 ಗ್ರಾಂ ನೀರು, 150 ಗ್ರಾಂ ಘನಾಂಶ ಇರುತ್ತದೆ. ಮನೆಯಲ್ಲಿ ಒಣಗಿಸಿದ ಹಣ್ಣಿನಲ್ಲಿ ಕೊನೆಗೆ ಶೇ. 20ರಷ್ಟು ತೇವ ಉಳಿದರೆ ಹದ ಸರಿಯಾಗಿದೆ ಎಂದು ಇಟ್ಟುಕೊಂಡರೆ, ಸಿದ್ಧವಾದ ಹಣ್ಣಿನ ತೂಕ ಸುಮಾರು 190 ಗ್ರಾಂ ಆಗಬೇಕು. ಅಂದರೆ 800 ಗ್ರಾಂಗಿಂತ ಹೆಚ್ಚು ನೀರು ಆವಿಯಾಗಿ ಹೊರಗೆ ಹೋಗಬೇಕು. ಇನ್ನು, 60 ಲೀಟರ್ ಗಾತ್ರದ ಓವನ್ನಿನೊಳಗೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಳಿ, ಹಿಡಿಸುವಷ್ಟೂ ಹಿಡಿಸಿಕೊಂಡರೂ ಸುಮಾರು 8 ಗ್ರಾಂ ಆವಿಯನ್ನು ಮಾತ್ರ ಹೊತ್ತುಕೊಳ್ಳಬಲ್ಲದು. ಆದ್ದರಿಂದ ಆ ಪೆಟ್ಟಿಗೆಯೊಳಗಿನ ಗಾಳಿ ಕಡಿಮೆಯೆಂದರೂ ನೂರು ಸಲ ಬದಲಾಗದೆ ಒಂದು ಕಿಲೋ ಸೇಬು ಒಣಗುವುದು ಸಾಧ್ಯವಿಲ್ಲ. ಬಾಗಿಲು ಮುಚ್ಚಿದ ಓವನ್‌ನಲ್ಲಿ ಹಣ್ಣು ತನ್ನದೇ ಹಬೆಯಲ್ಲಿ ಕುಳಿತು ಬೇಯುತ್ತದೆ.

ಹಾಗಾದರೆ ಶಾಖದ ಪಾತ್ರವೇನು? ಶಾಖ ಗಾಳಿಯನ್ನು ಬಾಯಾರಿಸುತ್ತದೆ ಎನ್ನಬಹುದು. 25 ಡಿಗ್ರಿಯಲ್ಲಿ ಶೇ. 60ರಷ್ಟು ಆರ್ದ್ರತೆ ಇರುವ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಅದು ಹೊರಬಲ್ಲ ಆವಿಯಲ್ಲಿ ಈಗಾಗಲೇ ಹೊತ್ತಿರುವ ಪಾಲು, ಶೇ. 10ರ ಆಸುಪಾಸಿಗೆ ಇಳಿಯುತ್ತದೆ. ಆಗ ಅದು ಹಣ್ಣಿನ ಮೇಲ್ಮೈಯಿಂದ ನೀರನ್ನು ಬೇಗಬೇಗನೆ ಹೀರಿಕೊಳ್ಳುತ್ತದೆ. ಈ 60 ಡಿಗ್ರಿ ಸೆಲ್ಸಿಯಸ್ ಹಣ್ಣು ಒಣಗಿಸುವುದಕ್ಕೆ ಒಪ್ಪಿತವಾದ ಮಟ್ಟ. ತೊಡಕು ಏನೆಂದರೆ, ಅನೇಕ ಓವನ್‌ಗಳ ಗುಂಡಿಯಲ್ಲಿ ಇಷ್ಟು ಕೆಳಗಿನ ಗುರುತೇ ಇರುವುದಿಲ್ಲ, ಇದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಆದ್ದರಿಂದ ಓವನ್ನಿನೊಳಗೆ ಇಡುವಂಥ ಒಂದು ಸಣ್ಣ ಥರ್ಮಾಮೀಟರನ್ನು ಟ್ರೇ ಪಕ್ಕದಲ್ಲೇ ಇರಿಸಿ, ಹಣ್ಣಿಲ್ಲದೆ ಒಂದು ಗಂಟೆ ಓವನ್ ನಡೆಸಿ ನೋಡುವುದು ಒಳ್ಳೆಯದು. ಮರದ ಸೌಟಿನ ಹಿಡಿಯನ್ನು ಸಿಕ್ಕಿಸಿ ಬಾಗಿಲನ್ನು 5ರಿಂದ 10 ಸೆಂಟಿಮೀಟರ್‌ನಷ್ಟು ತೆರೆದಿಟ್ಟರೆ ಹಬೆಯೂ ಹೊರಹೋಗುತ್ತದೆ, ಶಾಖವೂ ತಗ್ಗುತ್ತದೆ. ಬಾಗಿಲಿನ ಬಳಿ ಒಂದು ಟೇಬಲ್ ಫ್ಯಾನ್ ಇಟ್ಟರೆ ಗಾಳಿಯ ಓಡಾಟ ಇನ್ನೂ ಸಲೀಸು. ಕೆಲವು ಓವನ್‌ಗಳಲ್ಲಿ ಬಾಗಿಲು ತೆರೆದೊಡನೆ ಒಳಗಿನ ಫ್ಯಾನ್ ನಿಂತುಬಿಡುತ್ತದೆ. ಅಂಥಲ್ಲಿ ಆಗಾಗ ಬಾಗಿಲು ಪೂರ್ತಿ ತೆರೆದು ಹಬೆಯನ್ನು ಬಿಡುವುದೊಂದೇ ದಾರಿ. ಏನು ಮಾಡಿದರೂ ಶಾಖ 75 ಡಿಗ್ರಿಗಿಂತ ಕೆಳಗೆ ಬರದಿದ್ದರೆ, ಆ ಓವನ್ ಈ ಕೆಲಸಕ್ಕೆ ಒಗ್ಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಸಣ್ಣ ಮಕ್ಕಳು ಓಡಾಡುವ ಮನೆಯಲ್ಲಿ ಬಿಸಿ ಓವನ್ನಿನ ಬಾಗಿಲನ್ನು ಗಂಟೆಗಟ್ಟಲೆ ತೆರೆದಿಡುವ ಯೋಚನೆಯನ್ನೇ ಬಿಡಬೇಕು.

ಹಣ್ಣಿನ ಸಿದ್ಧತೆಯ ವಿಚಾರಕ್ಕೆ ಬರೋಣ. ಬಿಲ್ಲೆಗಳು 5ರಿಂದ 6 ಮಿಲಿಮೀಟರ್ ದಪ್ಪವಿದ್ದು, ಎಲ್ಲವೂ ಒಂದೇ ಸಮನಾಗಿರಬೇಕು; ಒಂದೇ ಟ್ರೇನಲ್ಲಿ ದಪ್ಪದ್ದೂ ತೆಳ್ಳಗಿನದೂ ಬೆರೆತರೆ ಒಂದು ಹಸಿಯಾಗಿರುವಾಗಲೇ ಇನ್ನೊಂದು ಸೀದುಹೋಗುತ್ತದೆ. ಸೇಬು, ಪೇರ್, ಬಾಳೆಹಣ್ಣುಗಳನ್ನು ಕತ್ತರಿಸಿದ ಕೂಡಲೇ ಕಂದುಬಣ್ಣಕ್ಕೆ ತಿರುಗಿಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ನಿಂಬೆರಸ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಬಿಲ್ಲೆಗಳನ್ನು ಹತ್ತು ನಿಮಿಷ ಅದ್ದಿಟ್ಟರೆ ಹುಳಿಯು ಆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಮಾರಾಟಕ್ಕೆ ಬರುವ ಕೆಲವು ಒಣಹಣ್ಣುಗಳ ಹೊಳೆಯುವ ಕಿತ್ತಳೆ ಬಣ್ಣ ಗಂಧಕದ ಡೈಆಕ್ಸೈಡಿನ ಕೊಡುಗೆ. ಅದು ಕೆಲವು ಆಸ್ತಮಾ ರೋಗಿಗಳಿಗೆ ತೊಂದರೆ ಕೊಡುತ್ತದೆ, ಮನೆಯೊಳಗೆ ಓವನ್‌ನಲ್ಲಿ ಒಣಗಿಸುವಾಗ ಅದರ ಹೊಗೆ ಎಲ್ಲರ ಮೂಗಿಗೂ ಬರುತ್ತದೆ. ಮನೆಯ ತಿನಿಸು ತುಸು ಕಂದಾಗಿದ್ದರೆ ನಷ್ಟವೇನೂ ಇಲ್ಲ.

ದ್ರಾಕ್ಷಿಯದು ಬೇರೆಯೇ ಸಮಸ್ಯೆ. ಅದರ ಸಿಪ್ಪೆಯ ಮೇಲಿನ ತೆಳುವಾದ ಮೇಣದ ಪದರ ನೀರನ್ನು ಹೊರಗೆ ಬಿಡುವುದಿಲ್ಲ. ಕುದಿಯುವ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕಿದರೆ ಸಿಪ್ಪೆಯಲ್ಲಿ ಸಣ್ಣಸಣ್ಣ ಬಿರುಕುಗಳು ಮೂಡಿ ದಾರಿಯಾಗುತ್ತದೆ. ಇಷ್ಟು ಮಾಡಿದರೂ ಇಡೀ ದ್ರಾಕ್ಷಿ ಒಣಗಲು ಸೇಬಿಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಅಷ್ಟು ತಾಳ್ಮೆ ಇಲ್ಲದವರು ಎರಡು ಹೋಳು ಮಾಡಿ, ಸಿಪ್ಪೆಯ ಭಾಗ ಕೆಳಗಾಗುವಂತೆ ಇಡಲಿ. ಕಲ್ಲಂಗಡಿಯನ್ನು ಒಣಗಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಒಣಗಿಸಬಹುದು, ಆದರೆ ಅದರ ಶೇ. 92ರಷ್ಟು ನೀರೇ ಆಗಿರುವುದರಿಂದ, ದಿನವಿಡೀ ಕಾದು ಕೊನೆಗೆ ಕೈಗೆ ಬರುವುದು ಕಾಗದದಷ್ಟು ತೆಳ್ಳಗಿನ ಒಂದು ಸಿಹಿ ಚೂರು.

ಬಿಲ್ಲೆಗಳನ್ನು ತಗಡಿನ ಟ್ರೇಗಿಂತ ಸ್ಟೀಲ್ ಜಾಲರಿಯ ಮೇಲೆ, ಒಂದಕ್ಕೊಂದು ತಾಗದಂತೆ ಹರಡಬೇಕು. ಕೆಳಗಿನಿಂದಲೂ ಗಾಳಿ ಆಡಲಿ ಎಂಬುದು ಉದ್ದೇಶ. ಸತುವಿನ ಲೇಪವಿರುವ ತಂತಿಯ ಬಲೆ ಹಣ್ಣಿನ ಹುಳಿಗೆ ಕರಗುವುದರಿಂದ ಅದನ್ನು ಬಳಸಬಾರದು. ಮೊದಲ ಒಂದು ಗಂಟೆ ಶಾಖ ತುಸು ಹೆಚ್ಚಿದ್ದರೂ ದೊಡ್ಡ ಅಪಾಯವಿಲ್ಲ, ಏಕೆಂದರೆ ಆಗ ನೀರು ಆವಿಯಾಗುತ್ತಲೇ ಹಣ್ಣನ್ನು ತಂಪಾಗಿಡುತ್ತದೆ. ನಾವು ಬೆವರಿದಾಗ ಮೈ ತಣ್ಣಗಾಗುವಂತೆಯೇ ಇದು. ಕಡೆಯ ಎರಡು ಗಂಟೆ ಮಾತ್ರ ಎಚ್ಚರ ಬೇಕು. ತೇವ ಕಡಿಮೆಯಾದಂತೆ ಹಣ್ಣಿನ ಶಾಖ ಗಾಳಿಯ ಶಾಖಕ್ಕೆ ಸಮನಾಗುತ್ತ ಹೋಗುತ್ತದೆ, ಸಕ್ಕರೆ ಕಂದುತ್ತದೆ, ಕಹಿ ಬರುತ್ತದೆ. ನಡುನಡುವೆ ಬಿಲ್ಲೆಗಳನ್ನು ಮಗುಚಿ, ಟ್ರೇಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡುತ್ತಿರಬೇಕು.

ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ಗಡಿಯಾರದ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಸೇಬಿಗೆ ಆರು ಗಂಟೆಯಿಂದ ಹತ್ತು ಗಂಟೆ ಎಂದೇನೋ ಹೇಳಬಹುದು, ಆದರೆ ಮಳೆಯ ದಿನಕ್ಕೂ ಒಣ ಹವೆಯ ದಿನಕ್ಕೂ ಲೆಕ್ಕ ತಪ್ಪುತ್ತದೆ. ಹದ ನೋಡುವ ರೀತಿ ಗೊತ್ತಿದ್ದರೆ ಸಾಕು. ಬಿಸಿಯಾಗಿರುವಾಗ ಒಣಹಣ್ಣು ನಿಜಕ್ಕಿಂತ ಮೆತ್ತಗೆ ತೋರುತ್ತದೆ, ಆದ್ದರಿಂದ ಒಂದು ಬಿಲ್ಲೆಯನ್ನು ಹೊರತೆಗೆದು ಪೂರ್ತಿ ಆರಲು ಬಿಡಿ. ಆಮೇಲೆ ಅದನ್ನು ಹರಿದು ನೋಡಿ: ಹರಿದ ಅಂಚಿನಲ್ಲಿ ತೇವದ ಹನಿ ಕಾಣಬಾರದು, ಮಡಚಿದರೆ ತನಗೆ ತಾನೇ ಅಂಟಿಕೊಳ್ಳಬಾರದು, ಆದರೂ ಬಳುಕಬೇಕು. ಕಣ್ಣು, ಬೆರಳುಗಳ ಮೇಲೆ ನಂಬಿಕೆ ಸಾಲದವರಿಗೆ ತಕ್ಕಡಿ ಇದೆ. ಹಸಿ ಹೋಳುಗಳ ತೂಕವನ್ನು ಬರೆದಿಟ್ಟುಕೊಂಡು, ನಾನು ಆಗಲೇ ಹೇಳಿದ ಲೆಕ್ಕದಂತೆ 1 ಕಿಲೋ ಸೇಬು 190 ಗ್ರಾಂಗೆ ಇಳಿಯಿತೇ ಎಂದು ನೋಡಿದರಾಯಿತು. ತಕ್ಕಡಿಯ ಈ ವಿಧಾನ ನನ್ನನ್ನು ಇದುವರೆಗೆ ಕೈಬಿಟ್ಟಿಲ್ಲ.

ಶೇ. 20ರಷ್ಟು ನೀರು ಉಳಿದರೂ ಹಣ್ಣು ಏಕೆ ಕೆಡುವುದಿಲ್ಲ ಎಂದು ನೀವು ಕೇಳಬಹುದು. ತರಕಾರಿಯನ್ನಾದರೆ ಗರಿಗರಿಯಾಗುವವರೆಗೂ ಒಣಗಿಸಬೇಕಾಗುತ್ತದೆ. ಹಣ್ಣಿನಲ್ಲಿ ಉಳಿದ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅದು ಸೂಕ್ಷ್ಮಜೀವಿಗಳ ಪಾಲಿಗೆ ಇದ್ದೂ ಇಲ್ಲದಂತೆ. ವಿಜ್ಞಾನಿಗಳು ಇದನ್ನು ನೀರಿನ ಚಟುವಟಿಕೆ ಎಂಬ ಅಳತೆಯಿಂದ ಹೇಳುತ್ತಾರೆ. ಶುದ್ಧ ನೀರಿನ ಚಟುವಟಿಕೆ 1 ಆದರೆ, ಹೆಚ್ಚಿನ ಬ್ಯಾಕ್ಟೀರಿಯಾಗಳು 0.9ರ ಕೆಳಗೆ ಬೆಳೆಯಲಾರವು; ಹಟಮಾರಿ ಬೂಷ್ಟುಗಳು ಇನ್ನೂ ಕೆಳಗಿನವರೆಗೂ ಬೆಳೆಯುತ್ತವೆ; 0.6ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯದು.

ಓವನ್ ಆರಿಸಿದೊಡನೆ ಕೆಲಸ ಮುಗಿಯಿತು ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಒಂದೇ ಟ್ರೇನ ಬಿಲ್ಲೆಗಳಲ್ಲಿಯೂ ತೇವ ಒಂದೇ ಸಮನಾಗಿರುವುದಿಲ್ಲ. ಪೂರ್ತಿ ಆರಿದ ಹಣ್ಣನ್ನು ಗಾಜಿನ ಜಾಡಿಯಲ್ಲಿ ಮೂರನೇ ಎರಡು ಭಾಗದಷ್ಟು ಮಾತ್ರ ತುಂಬಿ, ಮುಚ್ಚಿ, ಏಳರಿಂದ ಹತ್ತು ದಿನ ಪ್ರತಿದಿನವೂ ಕುಲುಕುತ್ತಿರಬೇಕು. ಆಗ ಹಸಿ ಚೂರಿನ ತೇವ ಒಣ ಚೂರಿಗೆ ಹಂಚಿಹೋಗುತ್ತದೆ. ಜಾಡಿಯ ಒಳಗೋಡೆಯಲ್ಲಿ ಮಂಜು ಕಟ್ಟಿದರೆ ಎಲ್ಲವನ್ನೂ ಮತ್ತೆ ಓವನ್‌ಗೆ ಒಯ್ಯಿರಿ. ಬೂಷ್ಟು ಕಂಡರೆ ಮಾತ್ರ ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ, ಇಡೀ ಜಾಡಿಯನ್ನು ಚೆಲ್ಲಬೇಕು.

ತೀರ ಕಳಿತು ಬಿಲ್ಲೆ ಮಾಡಲಾಗದ ಹಣ್ಣಿಗೆ ಇನ್ನೊಂದು ಗತಿ ಇದೆ. ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಪಾರ್ಚ್‌ಮೆಂಟ್ ಕಾಗದದ ಮೇಲೆ 3ರಿಂದ 6 ಮಿಲಿಮೀಟರ್ ದಪ್ಪಕ್ಕೆ ಹರಡಿ ಹಾಳೆಯಂತೆ ಒಣಗಿಸಬಹುದು. ಮೇಣದ ಕಾಗದ ಬೇಡ, ಅದರ ಮೇಣ ಕರಗಿ ಹಣ್ಣಿಗೆ ಅಂಟುತ್ತದೆ. ಅಂಚು ಬೇಗ ಒಣಗಿ ನಡುಭಾಗ ಕಡೆಗೆ ಒಣಗುವುದರಿಂದ ಅಂಚನ್ನೇ ಸ್ವಲ್ಪ ದಪ್ಪವಾಗಿ ಬಿಡಬೇಕು. ನಡುವೆ ಬೆರಳೊತ್ತಿದರೆ ಗುರುತು ಬೀಳದಾಗ ಹದ ಬಂದಿದೆ ಎಂದರ್ಥ. ಬೆಚ್ಚಗಿರುವಾಗಲೇ ಕಾಗದದಿಂದ ಬಿಡಿಸಿ ಸುರುಳಿ ಸುತ್ತಬೇಕು. ಸಕ್ಕರೆ ಬೆರೆಸುವ ಅಗತ್ಯವಿಲ್ಲ. ಜೇನು ಬೆರೆಸಿದ್ದನ್ನು ಒಂದು ವರ್ಷ ತುಂಬದ ಶಿಶುಗಳಿಗೆ ಖಂಡಿತ ಕೊಡಬಾರದು; ಜೇನಿನಲ್ಲಿ ಇರಬಹುದಾದ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಈ ಶಾಖಕ್ಕೆ ಸಾಯುವುದಿಲ್ಲ.

ಆರೋಗ್ಯದ ಬಗ್ಗೆ ಎರಡೇ ಮಾತು. ನಾರು ಮತ್ತು ಖನಿಜಗಳು ಉಳಿಯುತ್ತವೆ, ಸಿ ಜೀವಸತ್ವದ ಬಹುಪಾಲು ನಾಶವಾಗುತ್ತದೆ. 100 ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸುಮಾರು 70 ಕ್ಯಾಲೊರಿ ಇದ್ದರೆ ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಸುಮಾರು 300 ಇರುತ್ತದೆ. ಆದ್ದರಿಂದ ತಿನ್ನುವಾಗ ಹಿಡಿಯ ಲೆಕ್ಕ ಬಿಟ್ಟು ಹಣ್ಣಿನ ಲೆಕ್ಕ ಹಿಡಿಯುವುದು ಮೇಲು.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಆ 800 ಗ್ರಾಂ ನೀರನ್ನು ಆವಿ ಮಾಡಲು ಬೇಕಾದ ಶಕ್ತಿ ಅರ್ಧ ಯೂನಿಟ್ ವಿದ್ಯುತ್ತಿನಷ್ಟೇ. ಆದರೆ ಬಾಗಿಲು ತೆರೆದು ಎಂಟು ಗಂಟೆ ಉರಿಯುವ ಓವನ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚನ್ನು ನುಂಗುತ್ತದೆ. ಒಂದೇ ಟ್ರೇಗಾಗಿ ಓವನ್ ಹೊತ್ತಿಸುವುದು ದಂಡ. ಹಾಗೆಂದು ಸಂದಿ ಬಿಡದೆ ತುಂಬಿದರೆ ಮತ್ತೆ ಗಾಳಿಗೆ ಅಡ್ಡಿ. ಎರಡು ಮೂರು ಟ್ರೇ, ನಡುವೆ ಬೆರಳುದ್ದ ಜಾಗ, ಇದು ನನ್ನ ಮಿತಿ. ವಾರವಾರವೂ ಒಣಗಿಸುವವರು ಫ್ಯಾನ್ ಇರುವ, ಇದಕ್ಕೆಂದೇ ತಯಾರಾದ ಡಿಹೈಡ್ರೇಟರ್ ಕೊಳ್ಳುವುದೇ ಜಾಣತನ, ಅದರಲ್ಲಿ ಸಮಯವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೊನೆಯದಾಗಿ, ಇಡುವ ಬಗೆ. ಬೆಳಕು ಮತ್ತು ಬಿಸಿ ಎರಡೂ ಒಣಹಣ್ಣಿನ ಶತ್ರುಗಳು. 15 ಡಿಗ್ರಿಯಲ್ಲಿ ಒಂದು ವರ್ಷ ಬಾಳುವ ಹಣ್ಣು 27 ಡಿಗ್ರಿಯಲ್ಲಿ ಸುಮಾರು ಆರೇ ತಿಂಗಳು ಬಾಳುತ್ತದೆ. ಮುಚ್ಚಳ ತೆರೆದಾಗಲೆಲ್ಲ ಹೊರಗಿನ ತೇವ ಒಳಗೆ ನುಗ್ಗುವುದರಿಂದ, ಒಂದು ದೊಡ್ಡ ಡಬ್ಬಿಯ ಬದಲು ಒಂದೆರಡು ದಿನಕ್ಕೆ ಸಾಲುವಷ್ಟು ಹಿಡಿಸುವ ಸಣ್ಣ ಜಾಡಿಗಳಲ್ಲಿ ತುಂಬಿ, ಕತ್ತಲೆಯ ಕಪಾಟಿನಲ್ಲಿ ಇಡಿ. ಮುಚ್ಚಳದ ಮೇಲೆ ತುಂಬಿದ ದಿನಾಂಕವನ್ನೂ, ಹಸಿ ಮತ್ತು ಒಣ ತೂಕವನ್ನೂ ಬರೆದಿಟ್ಟರೆ, ಮುಂದಿನ ಸಲ ಅದೇ ಹಣ್ಣನ್ನು ಒಣಗಿಸುವಾಗ ನೀವು ನನ್ನ ಲೆಕ್ಕವನ್ನು ಬಿಟ್ಟು ನಿಮ್ಮ ಓವನ್ನಿನ ಲೆಕ್ಕವನ್ನೇ ನೋಡಿಕೊಳ್ಳಬಹುದು.