ಪೆಂಡಾಲಿನಲ್ಲಿ ಬರುವ ಕಣ್ಣೀರು ಮನೆಯಲ್ಲಿ ಯಾಕೆ ಬರಲ್ಲ?

ನಮಸ್ಕಾರ. ಇವತ್ತಿನ ಮಾತು ಪುಣೆಯಲ್ಲಿರುವ ನಮ್ಮ ಕನ್ನಡದ ಗಂಡಸರಿಗೆ. ಹೆಂಗಸರೂ ಕೇಳಿ, ಆದರೆ ಇದು ಜಾಸ್ತಿ ಗಂಡಸರಿಗೇ.

ಡಿಸೆಂಬರ್‌ನಲ್ಲಿ ಇಲ್ಲಿ ನಡೆಯುವ ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವ ಉತ್ಸವಕ್ಕೆ ಹೋದಾಗ ಪೆಂಡಾಲಿನೊಳಗೆ ಒಮ್ಮೆ ಸುತ್ತ ನೋಡಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತ ಹಿರಿಯರು ಇರುತ್ತಾರೆ. ಗಾಯಕರು ಕೋಮಲ ರಿಷಭದ, ಅಂದರೆ ತುಸು ತಗ್ಗಿಸಿದ 'ರಿ' ಸ್ವರದ, ಮೇಲೆ ನಿಂತು ಅದನ್ನು ಮೆಲ್ಲಗೆ ಅಲುಗಿಸಿದರೆ ಸಾಕು, ಇವರ ಕೈ ಮಫ್ಲರಿನ ತುದಿಗೆ ಹೋಗುತ್ತದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ಅದೇ ಮನುಷ್ಯನಿಗೆ ಮನೆಯಲ್ಲಿ ಹೆಂಡತಿ "ಯಾಕ್ರೀ, ಮುಖ ಸಪ್ಪಗಿದೆ?" ಅಂದರೆ, "ಏನಿಲ್ಲ, ಸುಸ್ತು" ಅನ್ನುತ್ತಾರೆ.

ಉತ್ಸವ ಯಾರ ಹೆಸರಿನಲ್ಲಿದೆ ನೋಡಿ. ಗಾಯಕ ಸವಾಯಿ ಗಂಧರ್ವರು ಕುಂದಗೋಳದವರು. ಮರಾಠಿ ಸಂಗೀತ ನಾಟಕಗಳಲ್ಲಿ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡಿದವರು. ಅವರು ತೀರಿಕೊಂಡ ಮರುವರ್ಷ, 1953ರಲ್ಲಿ, ಶಿಷ್ಯ ಭೀಮಸೇನ ಜೋಶಿ ಮುಂದೆ ನಿಂತು ಪುಣೆಯಲ್ಲಿ ಇದನ್ನು ಶುರು ಮಾಡಿದರು. ಭೀಮಸೇನರದು ಎಂಥ ಗಂಡುದನಿ! ಅಂಥ ದನಿಯೂ ಪ್ರೀತಿ, ವಿರಹದ ಹಾಡಾದ ಠುಮ್ರಿಗೆ ಬಂದರೆ, ಇನಿಯನಿಗಾಗಿ ಕಾಯುವ ಹೆಣ್ಣಿನ ಮಾತನ್ನೇ ಹಾಡುತ್ತಿತ್ತು. ರಾಗವನ್ನು ವಿಸ್ತರಿಸಿ ಹಾಡುವ ಖಯಾಲಿನಲ್ಲೂ ಎಷ್ಟೋ ಬಂದಿಶ್‌ಗಳು, ಅಂದರೆ ಅದರಲ್ಲಿ ಹಾಡುವ ಪದಗಳು, ಹಾಗೇ. ಕಾಯೋದಕ್ಕೆ, ಬೇಡೋದಕ್ಕೆ, ಅಳೋದಕ್ಕೆ ಈ ಸಂಗೀತ ಗಂಡಸಿಗೆ ಯಾವತ್ತೋ ಜಾಗ ಕೊಟ್ಟಿದೆ. ನಾವು ಅದನ್ನು ವೇದಿಕೆಯಿಂದ ಕೆಳಗಿಳಿಸಲೇ ಇಲ್ಲ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವನು ಮಾಡಿದ್ದು, ಮಾಡದೆ ಹೋದದ್ದು, ಪ್ರೀತಿ, ಸಿಟ್ಟು, ಬೈಗುಳ ಸಮೇತ ಎಲ್ಲ ರಾಗದಲ್ಲೇ ಹೊರಗೆ ಬರುತ್ತದೆ. ಗಂಡಸರು ಕಟ್ಟೆಯ ಮೇಲೆ ಕೂತು ಯಾರಿಗೆ ಫೋನ್ ಮಾಡಬೇಕು, ಯಾವ ಗಾಡಿ ಬೇಕು ಅಂತ ಮಾತಾಡುತ್ತಿರುತ್ತಾರೆ. ಹೆಂಗಸರು ಸ್ವಲ್ಪವಾದರೂ ಹಗುರಾಗುತ್ತಾರೆ. ಮಗ ಮಾತ್ರ ಎಲ್ಲವನ್ನೂ ಎದೆಯಲ್ಲಿ ಇಟ್ಟುಕೊಂಡು ರೈಲು ಹತ್ತಿ ಬಂದು, ಸೋಮವಾರ ಹಿಂಜವಡಿಯ ಐಟಿ ಆಫೀಸಿನಲ್ಲಿ ಲಾಗಿನ್ ಆಗುತ್ತಾನೆ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ದುಃಖ ಉಕ್ಕಿದಾಗ ಗಂಟಲು ಬಿಗಿಯುತ್ತದೆ, ಉಸಿರು ತುಂಡಾಗುತ್ತದೆ, ಮಾತು ನಿಲ್ಲುತ್ತದೆ. ಹಾಡಿಗೆ ಉದ್ದ ಉಸಿರು ಬೇಕು. ಉಸಿರನ್ನು ನಿಧಾನವಾಗಿ ಬಿಡುತ್ತಾ ಹೋದರೆ ಎದೆಬಡಿತವೂ ನಿಧಾನವಾಗುತ್ತದೆ. ಮಾತಿನಲ್ಲಿ ಸಿಕ್ಕಿಕೊಂಡದ್ದು ಹಾಡಿನಲ್ಲಿ ಹೊರಗೆ ಬರುವುದು ಅದಕ್ಕೇ ಇರಬೇಕು.

ಆದರೆ ಈಗ ಹಾಡು ಅಂದರೆ ಸ್ಪರ್ಧೆ ಅಲ್ವಾ? ಟಿವಿಯಲ್ಲಿ ಜಡ್ಜು, ಕರೋಕೆ ಆಪ್‌ನಲ್ಲಿ ಅಂಕ. ಶ್ರುತಿ ಸರಿ ಇದ್ದವರಷ್ಟೇ ಹಾಡಬೇಕು ಅಂತಾದರೆ ಉಳಿದವರು ಎಲ್ಲಿಗೆ ಹೋಗಬೇಕು? ದೊಡ್ಡವರ ಹಾಡು ಕೇಳಿ, ಖಂಡಿತ ಕೇಳಿ. ಆದರೆ ಅಲ್ಲಿ ನಿಮ್ಮ ನೋವನ್ನು ಬೇರೆಯವರ ಗಂಟಲು ಹೇಳುತ್ತಿರುತ್ತದೆ. ಮನೆಯವರು ಕೇಳಬೇಕಾಗಿರುವುದು ನಿಮ್ಮ ಗಂಟಲನ್ನು.

ಈ ಭಾನುವಾರ ಊಟವಾದ ಮೇಲೆ ಟಿವಿ ಹಾಕಬೇಡಿ. ಅಮ್ಮ ಬೀಸುವಾಗ ಹೇಳುತ್ತಿದ್ದ ಪದವೋ, ಊರಿನ ಭಜನೆಯೋ, ಹಳೇ ಚಿತ್ರಗೀತೆಯೋ, ಒಂದನ್ನು ಹಾಡಿ. ಯಾಕೆ ಇದೇ ಹಾಡು ಅಂತ ಕೇಳಿದರೆ "ಸುಮ್ನೆ" ಅನ್ನಬೇಡಿ. ಕಾರಣ ಹೇಳಿ. ಮನೆಯವರಿಗೂ ಒಂದು ವಿನಂತಿ. ಅಪ್ಪ ಹಾಡುವಾಗ ಮೊಬೈಲ್ ಎತ್ತಿ ರೆಕಾರ್ಡ್ ಮಾಡಬೇಡಿ. ಶ್ರುತಿ ತಪ್ಪಿತು ಅನ್ನಬೇಡಿ. ನಡುವೆ ಅವರ ಗಂಟಲು ಕಟ್ಟಿದರೆ ಮುಂದಿನ ಸಾಲು ನೀವು ಹಿಡಿಯಿರಿ.